ಮಧುಚಂದ್ರದ ಸಾಲ ಯಾರ ತಲೆಯ ಮೇಲೆ?

ನಮ್ಮ ಬಡಾವಣೆಯ ಸ್ತ್ರೀಶಕ್ತಿ ಸಂಘದ ಸಭೆ ಪ್ರತಿ ಭಾನುವಾರ ಮಧ್ಯಾಹ್ನ ಅಂಗನವಾಡಿಯ ಕೋಣೆಯಲ್ಲಿ ನಡೆಯುತ್ತದೆ. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನೂ ಅಲ್ಲಿಗೆ ಹೋಗುತ್ತೇನೆ. ಉಳಿತಾಯದ ಲೆಕ್ಕ ನೋಡುವುದು, ಬ್ಯಾಂಕಿನಿಂದ ಬಂದ ಕಾಗದ ಓದಿ ಹೇಳುವುದು, ಸಾಲದ ಅರ್ಜಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಒಂದೂವರೆ ವರ್ಷದ ಹಿಂದೆ ಅಲ್ಲಿ ನಾನೇ ಬರೆದುಕೊಟ್ಟ ಒಂದು ಅರ್ಜಿ ಇವತ್ತಿಗೂ ನನ್ನ ಮನಸ್ಸನ್ನು ಚುಚ್ಚುತ್ತಿದೆ. ಅದನ್ನು ಹೇಳಿಕೊಳ್ಳಲೆಂದೇ ಈ ಲೇಖನ.

ಅರ್ಜಿ ಹಾಕಿದ ಸದಸ್ಯೆ ಗಂಡನನ್ನು ಕಳೆದುಕೊಂಡವರು. ಬಟ್ಟೆ ಹೊಲಿದು ಮಗಳನ್ನು ಡಿಗ್ರಿವರೆಗೆ ಓದಿಸಿದವರು. ರೂ. 50,000 ಸಾಲ ಬೇಕಾಗಿತ್ತು. ಮಗಳ ಮದುವೆ ಆಗಲೇ ನಿಶ್ಚಯವಾಗಿತ್ತು, ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ಮತ್ತೆ ಇದು ಯಾವ ಖರ್ಚು ಎಂದು ಕೇಳಿದೆ. ಆಕೆ ಸ್ವಲ್ಪ ನಾಚಿಕೊಂಡು, "ಹನಿಮೂನಿಗೆ ಮೇಡಂ. ಅಂಡಮಾನ್‌ಗೆ ಕಳಿಸಿಕೊಡಿ ಅಂದಿದಾರೆ ಹುಡುಗನ ಕಡೆಯವರು. ಪಾಪ, ವರದಕ್ಷಿಣೆ ಅಂತ ಒಂದು ಪೈಸೆ ಕೇಳಿಲ್ಲ. ಇದೊಂದು ಮಾಡಿಕೊಡಿ ಸಾಕು ಅಂದ್ರು" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕೆವು. ನಾನೂ ನಕ್ಕೆ. ಸಾಲದ ಉದ್ದೇಶ ಎಂಬ ಕಡೆ 'ಮಗಳ ಮದುವೆಯ ಖರ್ಚು' ಎಂದು ಬರೆದೆ. ಒಟ್ಟು ಖರ್ಚು ರೂ. 85,000. ಸಾಲದುದಕ್ಕೆ ಆಕೆ ತಮ್ಮ ಓಲೆ ಮತ್ತು ಎರಡು ಬಳೆ ಗಿರವಿ ಇಟ್ಟರು.

ಮದುವೆಯಾಗಿ ವಾರ ಕಳೆಯುವುದರೊಳಗೆ ತಾಯಿಯ ಮೊಬೈಲಿನಲ್ಲಿ ಚಿತ್ರಗಳು ಬಂದವು. ರಾಧಾನಗರ ಎಂಬ ಕಡಲತೀರದ ಬಿಳಿ ಮರಳು, ನೀಲಿ ನೀರು, ಮೆಹಂದಿ ಇನ್ನೂ ಮಾಸದ ಕೈಗಳು. ಸಭೆಯಲ್ಲಿ ಒಬ್ಬರಿಂದ ಒಬ್ಬರಿಗೆ ಮೊಬೈಲು ದಾಟಿ ಹೋಯಿತು. "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು" ಎಂದರು ಹಿರಿಯರೊಬ್ಬರು. ತಾಯಿಯ ಮುಖದಲ್ಲಿ ಅವತ್ತು ಕಂಡ ಹೆಮ್ಮೆಗೆ ಆ ಎಂಬತ್ತೈದು ಸಾವಿರ ಏನೂ ಅಲ್ಲ ಅನ್ನಿಸಿತ್ತು.

ಆ ಚಿತ್ರಗಳಲ್ಲಿ ಇಲ್ಲದ್ದು ನಮಗೆ ತಿಳಿಯಲು ಹತ್ತು ತಿಂಗಳು ಹಿಡಿಯಿತು. ಹುಡುಗಿ ಒಂದು ಬೆಳಿಗ್ಗೆ ಒಂದೇ ಚೀಲ ಹಿಡಿದು ತಾಯಿಯ ಮನೆ ಬಾಗಿಲಿಗೆ ಬಂದು ನಿಂತಳು. ಮೊದಲ ಪೆಟ್ಟು ಬಿದ್ದದ್ದು ಯಾವಾಗ ಎಂದು ಕೇಳಿದಾಗ ಅವಳು ಹೇಳಿದ್ದು: "ಅಲ್ಲೇ ಮೇಡಂ. ಮೊದಲನೇ ದಿನವೇ. ರೂಮಿನ ಕಿಟಕಿಯಿಂದ ಸಮುದ್ರ ಕಾಣಲಿಲ್ಲ ಅಂತ. ನಿಮ್ಮಮ್ಮ ಬುಕ್ ಮಾಡಿಸಿರೋದು ನೋಡು, ಕಿಟಕಿ ತೆಗೆದರೆ ಗೋಡೆ ಅಂದರು." ಅವಳ ಮೊಬೈಲು ಅವನ ಕೈಯಲ್ಲಿತ್ತು. ಪರ್ಸಿನಲ್ಲಿ ನೂರು ರೂಪಾಯಿ ಇರಲಿಲ್ಲ. ಒಡವೆಯನ್ನೆಲ್ಲ 'ಭದ್ರವಾಗಿರಲಿ' ಎಂದು ಅತ್ತೆ ಮೊದಲೇ ತೆಗೆದಿಟ್ಟುಕೊಂಡಿದ್ದರು. ಉಳಿದ ನಾಲ್ಕು ದಿನ ಅವನು ಹೇಳಿದ ಕಡೆ ನಿಂತು, ಹೇಳಿದಾಗ ನಕ್ಕು ಚಿತ್ರ ತೆಗೆಸಿಕೊಂಡಿದ್ದಾಳೆ. ನಾವು ಕೈಯಿಂದ ಕೈಗೆ ದಾಟಿಸಿ ಸಂತೋಷಪಟ್ಟದ್ದು ಆ ಚಿತ್ರಗಳನ್ನೇ.

ಊರಿಗೆ ಬಂದ ಮೇಲೆ ಬೇಡಿಕೆಗಳು ಒಂದೊಂದಾಗಿ ಶುರುವಾದವು. ಮೊದಲು ಬೈಕು, ಆಮೇಲೆ ಅಂಗಡಿಗೆ ಬಂಡವಾಳ. ವರದಕ್ಷಿಣೆ ಕೇಳದ ಮನೆ ಎಂದು ನಾವು ಕೊಂಡಾಡಿದ ಮನೆಯಲ್ಲಿ ಮಧುಚಂದ್ರ ಮೊದಲ ಕಂತಾಗಿತ್ತು, ಅಷ್ಟೆ.

ಗೆಳತಿಯರೇ, ವರದಕ್ಷಿಣೆ ಹೆಸರು ಬದಲಾಯಿಸಿಕೊಳ್ಳುವುದು ಇದೇ ಮೊದಲಲ್ಲ. ನಮ್ಮ ಹಿರಿಯರ ಕಾಲದಲ್ಲಿ ಅದನ್ನು ವರೋಪಚಾರ ಎಂದರು. ಆಮೇಲೆ ಸೂಟು, ವಾಚು, ಸೈಕಲ್ಲು ಎಂದರು. ನಾನು ಪಾಠ ಮಾಡಲು ಸೇರಿದ ದಿನಗಳಲ್ಲಿ ಸ್ಕೂಟರು, ಸೈಟು ಎಂದರು. ಕೈಗೆ ನಗದು ಎಣಿಸಿಕೊಳ್ಳಲು ನಾಚಿಕೆಯಾಗುವ ಮನೆಗಳು ಈಗ 'ಮಕ್ಕಳ ಸಂತೋಷಕ್ಕೆ' ಎನ್ನುತ್ತವೆ. ಅಂಡಮಾನ್, ಲಕ್ಷದ್ವೀಪ, ಇನ್ನೂ ಕೈ ಉದ್ದವಿದ್ದರೆ ಮಾಲ್ಡೀವ್ಸ್. ಬೈಕು, ಫ್ರಿಜ್ಜು ಆದರೆ ಮನೆಯಲ್ಲಿ ಕಣ್ಣಿಗಾದರೂ ಕಾಣುತ್ತವೆ, ನಾಳೆ ಬೇಕೆಂದರೆ ಮರಳಿ ಕೇಳಬಹುದು. ಮಧುಚಂದ್ರಕ್ಕೆ ಸುರಿದ ಹಣ ಐದು ದಿನದಲ್ಲಿ ಕರಗಿ ಹೋಗುತ್ತದೆ. ಉಳಿಯುವುದು ಕಂತು ಮಾತ್ರ.

ಇಷ್ಟು ಓದಿದ ಕೂಡಲೇ ಕೆಲವರು, "ಮುದುಕಿಗೆ ಹೊಟ್ಟೆಕಿಚ್ಚು, ಹೊಸ ಹುಡುಗ ಹುಡುಗಿಯರು ನಾಲ್ಕು ದಿನ ಸಮುದ್ರ ನೋಡಿ ಬಂದರೆ ಇವರಿಗೇನು" ಎನ್ನಬಹುದು. ನನ್ನ ಮದುವೆಯಾದದ್ದು 1985ರಲ್ಲಿ. ನಾನೂ ಮದುವೆಯ ಮರುವಾರ ಸಮುದ್ರಕ್ಕೆ ಹೋಗಿದ್ದೆ. ಅತ್ತೆ, ಮಾವ, ಮೈದುನ, ನಾದಿನಿ, ಅವಳ ಮಕ್ಕಳು ಎಲ್ಲ ಸೇರಿ ಒಂಬತ್ತು ಜನ ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಮಾಡಿಕೊಂಡು ಬಂದೆವು. ಗೋಕರ್ಣದಲ್ಲಿ ಒಂದು ಬೆಳಗಿನ ಜಾವ ಎಲ್ಲರೂ ಮಲಗಿದ್ದಾಗ ನಾವಿಬ್ಬರೇ ಅರ್ಧ ಗಂಟೆ ದಡದಲ್ಲಿ ನಡೆದೆವು. ನನ್ನ ಗಂಡನಿಗೆ ನೀರೆಂದರೆ ಭಯ ಎಂಬುದು ನನಗೆ ತಿಳಿದದ್ದು ಆವಾಗ. ನನಗೆ ಕೆಲಸ ಮುಂದುವರಿಸುವ ಆಸೆ ಇದೆ ಎಂಬುದು ಅವರಿಗೆ ತಿಳಿದದ್ದೂ ಆವಾಗಲೇ. ಆ ಅರ್ಧ ಗಂಟೆ ಸಿಗದೆ ಹೋಗಿದ್ದರೆ ಮನೆಯ ಅಡುಗೆಕೋಣೆ, ಹಜಾರಗಳ ಮಧ್ಯೆ ಆ ಮಾತು ಆಡಲು ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ.

ಆದ್ದರಿಂದ ಹೊಸ ದಂಪತಿಗಳಿಗೆ ಏಕಾಂತ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕೂಡು ಕುಟುಂಬದಲ್ಲಿ ಬಾಳಿದ ನಮ್ಮಂಥವರಿಗಿಂತ ಅದರ ಬೆಲೆ ಯಾರಿಗೆ ಗೊತ್ತು? ನನ್ನ ತಕರಾರು ಸಮುದ್ರದ ಮೇಲಲ್ಲ. ಗಂಡು ಹೆಣ್ಣು ಇಬ್ಬರೂ ಅನುಭವಿಸುವ ಸುಖದ ಖರ್ಚನ್ನು ಹೆಣ್ಣಿನ ತಾಯಿ ಒಬ್ಬಳೇ ಹೊಲಿಗೆ ಯಂತ್ರ ತುಳಿದು ಏಕೆ ತೀರಿಸಬೇಕು ಎಂಬುದು ನನ್ನ ಪ್ರಶ್ನೆ. ಬೇರೊಬ್ಬರ ಹಣದಲ್ಲಿ ಹೊರಟವನಿಗೆ ಆ ಹಣದ ಕಷ್ಟ ತಿಳಿಯುವುದಿಲ್ಲ. ಅದು ತನ್ನ ಹಕ್ಕು ಎಂದುಕೊಳ್ಳುತ್ತಾನೆ. ಹಕ್ಕು ಎಂದುಕೊಂಡವನಿಗೆ ಕಿಟಕಿಯಿಂದ ಸಮುದ್ರ ಕಾಣದಿದ್ದರೆ ಸಿಟ್ಟು ಬರುತ್ತದೆ. ಆ ಸಿಟ್ಟು ಹತ್ತಿರದಲ್ಲಿರುವ ಹೆಣ್ಣಿನ ಮೇಲೆ ಇಳಿಯುತ್ತದೆ.

ನಾನು ಇತಿಹಾಸ ಪಾಠ ಮಾಡಿದವಳು. ನಮ್ಮ ಹೆಣ್ಣುಮಕ್ಕಳು ಹೋಗುವ ಈ ದ್ವೀಪಗಳಲ್ಲಿ ಮದುವೆ ಎಂಬುದು ಹೇಗಿತ್ತು ಎಂದು ನೆನೆದರೆ ಆಶ್ಚರ್ಯವಾಗುತ್ತದೆ. ಪ್ರವಾಸದ ಬಣ್ಣದ ಕಾಗದಗಳಲ್ಲಿ ಅದು ಬರುವುದಿಲ್ಲ, ಹಾಗಾಗಿ ಇಲ್ಲಿ ಹೇಳುತ್ತೇನೆ.

ಅಂಡಮಾನಿನಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಮಾಡಿದ್ದು 1858ರಲ್ಲಿ, 1857ರ ದಂಗೆಯನ್ನು ಹತ್ತಿಕ್ಕಿದ ಮರುವರ್ಷ. ಎಲ್ಲರೂ ನೋಡಿ ಬರುವ ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. 'ಕರಿನೀರಿನ ಶಿಕ್ಷೆ' ಎಂದೊಡನೆ ನಮಗೆ ಗಂಡಸರ ನೆನಪಷ್ಟೇ ಬರುತ್ತದೆ. ಹೆಂಗಸರನ್ನೂ ಅಲ್ಲಿಗೆ ಸಾಗಿಸಿದ್ದರು. ಇಂದು ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿರುವ ಪೋರ್ಟ್ ಬ್ಲೇರಿನಲ್ಲಿ ಅವರಿಗೆ ಬೇರೆಯೇ ಸೆರೆಮನೆ ಇತ್ತು. ಒಳ್ಳೆಯ ನಡತೆಯಿಂದ ಕೆಲವು ವರ್ಷ ಕಳೆದ ಗಂಡು ಕೈದಿಗೆ ಸ್ವಂತ ದುಡಿಮೆಯ ಅನುಮತಿ ಸಿಗುತ್ತಿತ್ತು. ಅಂಥವನು ಮದುವೆ ಬೇಕೆಂದರೆ ಹೆಂಗಸರ ಸೆರೆಮನೆಗೆ ಬಂದು, ಸಾಲಾಗಿ ನಿಂತವರಲ್ಲಿ ಒಬ್ಬಳನ್ನು ಆರಿಸಿಕೊಳ್ಳಬಹುದಿತ್ತು. ಅವಳೂ ಒಪ್ಪಬೇಕಿತ್ತು, ಅಧಿಕಾರಿಯೂ ಒಪ್ಪಬೇಕಿತ್ತು. ಆದರೆ ಸೆರೆಮನೆಯ ಗೋಡೆ ದಾಟಲು ಆ ಹೆಂಗಸಿಗೆ ಇದ್ದ ದಾರಿ ಮದುವೆಯೇ ಆಗಿದ್ದಾಗ, ಆ ಒಪ್ಪಿಗೆಗೆ ಎಷ್ಟು ಅರ್ಥ? ತಟ್ಟೆ ಹಿಡಿದು, ತಲೆ ತಗ್ಗಿಸಿ, ಗಂಡಿನ ಕಡೆಯವರ ಮುಂದೆ ಬಂದು ನಿಂತ ನಮಗೆಲ್ಲ ಆ ಸಾಲು ಅಷ್ಟೇನೂ ಅಪರಿಚಿತವಲ್ಲ.

ಇನ್ನು ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರು. ನಮಗೆ ಅದು ಪರದೇಶವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿನ ಧಕ್ಕೆಗೆ ಬರುತ್ತಿತ್ತು. ಅಲ್ಲಿಯವರು ಮುಸ್ಲಿಮರು, ಆದರೆ ವಂಶ ನಡೆಯುತ್ತಿದ್ದುದು ತಾಯಿಯ ಕಡೆಯಿಂದ, ನಮ್ಮ ತುಳುನಾಡಿನ ಅಳಿಯಸಂತಾನದಲ್ಲಿದ್ದಂತೆ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆಯವರು ಕಲ್ಪೇನಿ ದ್ವೀಪದ ಈ ಪದ್ಧತಿಯನ್ನು ಅಧ್ಯಯನ ಮಾಡಿ 1969ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಲ್ಲಿ ಮದುವೆಯಾದ ಹೆಣ್ಣು ತಾಯಿಯ ಮನೆ ಬಿಡುತ್ತಿರಲಿಲ್ಲ. ಗಂಡ ರಾತ್ರಿ ಅವಳ ಮನೆಗೆ ಬಂದು, ಬೆಳಗಾದ ಮೇಲೆ ತನ್ನ ತಾಯಿಯ ಮನೆಗೆ ಹೋಗುತ್ತಿದ್ದ. ಮಕ್ಕಳು ತಾಯಿಯ ತರವಾಡಿಗೆ ಸೇರಿದವರು. ಮದುವೆಗೆ ಮೆಹರ್ ಕೊಡಬೇಕಾದವನು ಗಂಡು.

ಅಲ್ಲಿಯ ಹೆಣ್ಣಿಗೆ ಕಷ್ಟವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾಲ ಕಳೆದಂತೆ ಅಲ್ಲಿಯೂ ರೀತಿ ಬದಲಾಗಿದೆ. ಆದರೆ ಒಂದು ಮಾತು ಯೋಚಿಸಿ. ಗಂಡ ಕೈ ಎತ್ತಿದರೆ 'ಇದು ನನ್ನ ತಾಯಿಯ ಮನೆ, ನೀನು ನಡಿ' ಎನ್ನುವ ನೆಲ ಆ ಹೆಣ್ಣಿನ ಕಾಲ ಕೆಳಗೆ ಇತ್ತು. ತಾಯಿಯ ಓಲೆ ಗಿರವಿ ಇಟ್ಟು ದ್ವೀಪಕ್ಕೆ ಹೋದ ನಮ್ಮ ಹುಡುಗಿಗೆ ಏನಿತ್ತು? ಅಂಡಮಾನ್ ಚೆನ್ನೈನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಸುತ್ತ ನೀರು, ಬಾರದ ಭಾಷೆ, ಗುರುತಿಲ್ಲದ ಜನ, ವಾರದ ಹಿಂದಷ್ಟೇ ಪರಿಚಯವಾದ ಗಂಡ. ನಮ್ಮೂರಿನಲ್ಲಾದರೆ ಪಕ್ಕದ ಮನೆಯವರಿಗೆ ಒಂದು ಕೂಗು ಕೇಳಿಸುತ್ತದೆ. ಅಲ್ಲಿ ಅವಳು ಕೂಗಿದರೆ ಕೇಳುವವರು ಯಾರು?

ಇನ್ನೊಂದು ವಿಷಯವನ್ನು ನಾವು ಹೆಂಗಸರೇ ಬಾಯಿಬಿಟ್ಟು ಆಡುವುದಿಲ್ಲ. ಆಡಲೇಬೇಕು. 'ಇಷ್ಟು ಖರ್ಚು ಮಾಡಿ ಬಂದಿದ್ದೇವೆ' ಎಂಬ ಮಾತಿನ ಭಾರ ರಾತ್ರಿಯ ಹೊತ್ತು ಹೆಣ್ಣಿನ ಮೈಮೇಲೆ ಬೀಳುತ್ತದೆ. ಅವಳಿಗೆ ಭಯವಿರಲಿ, ನೋವಿರಲಿ, ಮುಟ್ಟಿನ ದಿನವಿರಲಿ, ಬೇಡ ಎನ್ನುವ ಹಾಗಿಲ್ಲ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಬಲಾತ್ಕಾರ ಮಾಡಿದರೆ ಅದನ್ನು ಅತ್ಯಾಚಾರವೆನ್ನಲು ನಮ್ಮ ಕಾನೂನು ಇನ್ನೂ ಒಪ್ಪಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿದೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಸ್ಪಷ್ಟವಾಗಿ ಸೇರಿದೆ. ಹೊಡೆತ, ಬೈಗುಳ, ಹಣ ಒಡವೆ ಕಿತ್ತಿಟ್ಟುಕೊಳ್ಳುವುದು ಇವೂ ಸೇರಿವೆ. ಗಂಡನ ಬಳಿ ಬೇಡ ಎನ್ನುವ ಹಕ್ಕು ಹೆಂಡತಿಗಿದೆ ಎಂದು ಮದುವೆಗೆ ಮುಂಚೆ ಮಗಳಿಗೆ ಹೇಳಿದ ತಾಯಂದಿರು ನಮ್ಮಲ್ಲಿ ಎಷ್ಟು ಜನ? 'ಹೊಂದಿಕೊಂಡು ಹೋಗಮ್ಮ' ಎಂದು ಹೇಳಿ ಕಳಿಸಿದವರೇ ಹೆಚ್ಚು.

ಮಧುಚಂದ್ರದ ಖರ್ಚು ಕೇಳುವುದು ವರದಕ್ಷಿಣೆ ಹೇಗಾದೀತು ಎಂದು ಕೇಳುವವರಿಗೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲೇ ಉತ್ತರವಿದೆ. ಮೊದಲು ಆ ಕಾಯ್ದೆ 'ಮದುವೆಗೆ ಪ್ರತಿಫಲವಾಗಿ' ಕೊಟ್ಟದ್ದನ್ನು ಮಾತ್ರ ವರದಕ್ಷಿಣೆ ಎಂದಿತ್ತು. ಇದರಿಂದ ತಪ್ಪಿಸಿಕೊಳ್ಳುವುದು ಸುಲಭವಾಗಿತ್ತು. 1984ರ ತಿದ್ದುಪಡಿಯಲ್ಲಿ ಅದನ್ನು 'ಮದುವೆಗೆ ಸಂಬಂಧಿಸಿದಂತೆ' ಎಂದು ಬದಲಾಯಿಸಿದರು. 1986ರ ತಿದ್ದುಪಡಿಯಲ್ಲಿ ಮದುವೆಯ ನಂತರ ಯಾವ ಕಾಲದಲ್ಲಿ ಕೊಟ್ಟರೂ ಎಂದು ಸೇರಿಸಿದರು. ಮನೆ ಕಟ್ಟಲು ಹೆಂಡತಿಯ ತವರಿನಿಂದ ಹಣ ಕೇಳುವುದೂ ವರದಕ್ಷಿಣೆಯೇ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಪದವನ್ನು ವಿಶಾಲವಾಗಿ ಅರ್ಥ ಮಾಡಿಕೊಳ್ಳಬೇಕು ಎಂದಿದೆ. ಮನೆ ಕಟ್ಟಲು ಕೇಳಿದ್ದು ವರದಕ್ಷಿಣೆಯಾದರೆ, ಮಧುಚಂದ್ರಕ್ಕೆ ಕೇಳಿದ್ದು ಹೇಗೆ ಅಲ್ಲವಾದೀತು? ವರದಕ್ಷಿಣೆ ಕೇಳಿದ ಮಾತ್ರಕ್ಕೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಇದೆ. ಪ್ರೀತಿಯಿಂದ, ಕೇಳದೆ, ತಮ್ಮ ಶಕ್ತಿ ಇದ್ದಷ್ಟು ಕೊಡುವ ಉಡುಗೊರೆ ಬೇರೆ. ಅದಕ್ಕೂ ಪಟ್ಟಿ ಬರೆದು ಇಟ್ಟುಕೊಳ್ಳಬೇಕು ಎಂದು 1985ರ ನಿಯಮಗಳಿವೆ. ಬರೆಯುವವರು ಯಾರೂ ಇಲ್ಲ.

"ಕೊಟ್ಟವರಿಗೂ ಶಿಕ್ಷೆ ಅಂತಾರಲ್ಲ ಮೇಡಂ, ದೂರು ಕೊಟ್ಟರೆ ನನ್ನನ್ನೇ ಹಿಡಿದರೆ?" ಎಂದು ಆ ತಾಯಿ ನನ್ನನ್ನು ಕೇಳಿದರು. ಈ ಭಯದಿಂದಲೇ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿವೆ. ಅನ್ಯಾಯಕ್ಕೆ ಒಳಗಾದವರು ಕೊಟ್ಟ ಹೇಳಿಕೆಯನ್ನೇ ಹಿಡಿದುಕೊಂಡು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಘಟನೆ ಅಂಡಮಾನಿನಲ್ಲಿ ನಡೆದದ್ದು, ಇಲ್ಲಿಯ ಠಾಣೆಯವರು ತೆಗೆದುಕೊಳ್ಳುತ್ತಾರೆಯೇ ಎಂಬುದು ಇನ್ನೊಂದು ಅನುಮಾನ. ಗಂಡನ ಮನೆ ಬಿಟ್ಟು ಬಂದ ಹೆಣ್ಣು ತಾನು ಆಶ್ರಯ ಪಡೆದ ಊರಿನಲ್ಲಿಯೇ ಕ್ರೌರ್ಯದ ದೂರು ಕೊಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಹಿಂದೆ 498ಎ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದ ಕಲಮು ಈಗ ನ್ಯಾಯ ಸಂಹಿತೆಯಲ್ಲಿ 85 ಮತ್ತು 86 ಆಗಿದೆ. ಅಂಕಿ ಬದಲಾಗಿದೆ, ಅಪರಾಧ ಹಾಗೆಯೇ ಇದೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಈ ಎರಡು ಸಂಖ್ಯೆ ನಿಮ್ಮ ಮಗಳಿಗೆ ಬಾಯಲ್ಲೇ ಬರಲಿ. ಮೊಬೈಲನ್ನು ಕಿತ್ತುಕೊಳ್ಳಬಹುದು, ನೆನಪಿನಲ್ಲಿರುವುದನ್ನು ಯಾರೂ ಕಿತ್ತುಕೊಳ್ಳಲಾರರು.

ಹಾಗಾದರೆ ನಮ್ಮ ಸಂಘಗಳು ಏನು ಮಾಡಬೇಕು? ಹಿಂದಿನ ತಿಂಗಳು ನಮ್ಮ ಸಭೆಯಲ್ಲಿ ಈ ವಿಷಯ ಬಂದಾಗ ದೊಡ್ಡ ವಾದವೇ ಆಯಿತು. ಇಂಥ ಖರ್ಚಿಗೆ ಸಾಲ ಕೊಡುವುದೇ ಬೇಡ ಎಂದು ಠರಾವು ಮಾಡೋಣ ಎಂದೆ ನಾನು. ಹೂವು ಮಾರುವ ಸದಸ್ಯೆಯೊಬ್ಬರು, "ಮೇಡಂ, ನಾವು ಕೊಡಲ್ಲ ಅಂದ್ರೆ ಅವಳು ಮೀಟರ್ ಬಡ್ಡಿಯೋನ ಹತ್ರ ಹೋಗ್ತಾಳೆ. ಮಗಳ ಮದುವೆ ನಿಲ್ಲುತ್ತೆ ಅನ್ನೋ ಭಯ ಇರೋಳಿಗೆ ಠರಾವು ಏನು ಮಾಡುತ್ತೆ?" ಎಂದರು. ಎಂ.ಎ. ಓದಿದ ನನಗೆ ಹೊಳೆಯದ ಮಾತು ಅದು. ಸಾಲ ನಿರಾಕರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಆ ತಾಯಿಯ ಜೊತೆ ಗಂಡಿನ ಮನೆಯ ಜಗಲಿಯ ಮೇಲೆ ಹೋಗಿ ಕೂರುವುದು ಕಷ್ಟ. ಕಡೆಗೆ ನಡಾವಳಿ ಪುಸ್ತಕದಲ್ಲಿ ಬರೆದದ್ದು ಇಷ್ಟು: ಮದುವೆಗೆಂದು ಸಾಲ ಕೇಳಿದಾಗ ಖರ್ಚಿನ ಪಟ್ಟಿ ತೆರೆದು ನೋಡುವುದು. ಗಂಡಿನ ಕಡೆಯವರು ಕೇಳಿದ್ದು ಅದರಲ್ಲಿದ್ದರೆ ಸಾಲದ ಮಾತಿಗೆ ಮುಂಚೆ ನಾಲ್ವರು ಸದಸ್ಯೆಯರು ಆ ಮನೆಗೆ ಹೋಗಿ ಮಾತಾಡುವುದು. ಅವರು ಒಪ್ಪದಿದ್ದರೆ ಅಂಥ ಮನೆಗೆ ಹುಡುಗಿಯನ್ನು ಕೊಡಬೇಕೇ ಎಂದು ತಾಯಿ, ಮಗಳು ಇಬ್ಬರನ್ನೂ ಕೂರಿಸಿ ಕೇಳುವುದು. ಮದುವೆ ನಿಂತರೆ ಆ ಮನೆಯ ಜೊತೆ ಸಂಘ ನಿಲ್ಲುವುದು.

ಮಗಳಿಗೆ ಏನಾದರೂ ಕೊಡಲೇಬೇಕೆಂಬ ಆಸೆ ತಾಯಿಗೆ ಸಹಜ. ಕೊಡಿ. ಆ ರೂ. 85,000ವನ್ನು ಅವಳ ಹೆಸರಿನಲ್ಲಿ, ಅವಳೊಬ್ಬಳ ಸಹಿಯಿಂದ ಮಾತ್ರ ತೆಗೆಯಬಹುದಾದ ಖಾತೆಯಲ್ಲಿ ಇಡಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಇಬ್ಬರೂ ದುಡಿದು, ಕೂಡಿಟ್ಟು, ಒಂದು ವರ್ಷ ಬಿಟ್ಟು ಹೋಗಲಿ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ, ಕಾರವಾರದಲ್ಲಿ ದೇವಬಾಗ, ಗೋಕರ್ಣದಲ್ಲಿ ಓಂ ಬೀಚು. ಕೈಯಲ್ಲಿ ಇರುವಷ್ಟಕ್ಕೆ ಸಿಗುವ ಸಮುದ್ರ ನಮ್ಮ ನಾಡಿನಲ್ಲೇ ಇದೆ. ಹೆಂಡತಿಯ ಮನೆಯ ಹಣವಿಲ್ಲದೆ ಮಧುಚಂದ್ರ ರುಚಿಸದ ಗಂಡಿಗೆ ಅವಳ ಜೊತೆಯ ಬಾಳು ರುಚಿಸುವುದೂ ಕಷ್ಟವೇ. ಮದುವೆಗೆ ಮುಂಚೆಯೇ ಅದು ತಿಳಿದರೆ ಒಳ್ಳೆಯದಲ್ಲವೇ?

ನಮ್ಮ ದೇಶದಲ್ಲಿ ಇಂದಿಗೂ ವರ್ಷಕ್ಕೆ ಸಾವಿರಾರು ವರದಕ್ಷಿಣೆ ಸಾವುಗಳು ಸರ್ಕಾರದ ಲೆಕ್ಕದಲ್ಲೇ ದಾಖಲಾಗುತ್ತಿವೆ. ನಮ್ಮ ಹುಡುಗಿ ಅದರಲ್ಲಿ ಒಬ್ಬಳಾಗದೆ ಮನೆಗೆ ಬಂದಳು. ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ದೂರು ಕೊಡಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಅದು ಅವಳ ತೀರ್ಮಾನ, ಅವಳು ಹೊರಟ ದಿನ ಜೊತೆಗೆ ಹೋಗುವುದಷ್ಟೇ ನಮ್ಮ ಕೆಲಸ. ತಾಯಿ ಪ್ರತಿ ತಿಂಗಳು ತಪ್ಪದೆ ರೂ. 2,350 ಕಟ್ಟುತ್ತಿದ್ದಾರೆ. ಹದಿನೆಂಟು ಕಂತು ಮುಗಿದಿದೆ, ಆರು ಉಳಿದಿದೆ. ಓಲೆ, ಬಳೆ ಇನ್ನೂ ಬಿಡಿಸಿಕೊಂಡಿಲ್ಲ.

ಆ ಅರ್ಜಿ ನಮ್ಮ ಸಂಘದ ಕಡತದಲ್ಲಿ ಇದೆ. 'ಮಗಳ ಮದುವೆಯ ಖರ್ಚು' ಎಂದು ನನ್ನದೇ ಕೈಬರಹ. ಅವತ್ತು ಅಲ್ಲಿ 'ವರದಕ್ಷಿಣೆ' ಎಂದು ಬರೆಯುವ ಧೈರ್ಯ ನನಗಿದ್ದಿದ್ದರೆ, ಆ ಪದ ನೋಡಿ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಲ್ಲುತ್ತಿದ್ದರು. ನಗುತ್ತಿರಲಿಲ್ಲ. ಸೋದರಿಯರೇ, ಮುಂದಿನ ಭಾನುವಾರ ನಿಮ್ಮ ಸಂಘಕ್ಕೆ ಅಂಥ ಅರ್ಜಿ ಬಂದರೆ ಮೊದಲು ಅದರ ನಿಜವಾದ ಹೆಸರನ್ನು ಬರೆಯಿರಿ. ಬರೆದ ಮೇಲೆ ಎಲ್ಲರೂ ಒಟ್ಟಾಗಿ ಎದ್ದು ನಿಲ್ಲಿ.